75 ತುಂಬುವ ವಿಶ್ವವಿದ್ಯಾಲಯ: ಗೇಟಿನ ಹೊರಗಿರುವವರನ್ನು ಕರೆಯುವುದು ಹೇಗೆ?

ಸಮಿತಿಯ ಸದಸ್ಯೆ

ಬರುವ ವರ್ಷ ನಮ್ಮ ವಿಶ್ವವಿದ್ಯಾಲಯಕ್ಕೆ 75 ತುಂಬುತ್ತದೆ. ಅಮೃತ ಮಹೋತ್ಸವ ಸಮಿತಿಯಲ್ಲಿ ನಾನೂ ಇದ್ದೇನೆ. ಈವರೆಗೆ ಮೂರು ಸಭೆಗಳು ನಡೆದಿವೆ. ಮೂರರಲ್ಲೂ ಮಾತು ಸ್ವಾಗತ ಕಮಾನು, ವೇದಿಕೆ, ಸ್ಮರಣ ಸಂಚಿಕೆ, ಮುಖ್ಯ ಅತಿಥಿಗಳು ಇಷ್ಟರ ಸುತ್ತಲೇ ತಿರುಗಿತು. ನಡಾವಳಿಯಲ್ಲಿ ‘ಸಮುದಾಯದ ಸಹಭಾಗಿತ್ವದಲ್ಲಿ’ ಎಂದು ನಾಲ್ಕು ಕಡೆ ಬರೆದಿದ್ದೇವೆ. ಆ ಸಮುದಾಯ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಆವರಣದ ಹಿಂಬದಿಯ ಗೋಡೆಗೆ ಅಂಟಿಕೊಂಡ ಬೀದಿಯಲ್ಲಿ ನಡೆದು ಹೋಗುತ್ತಿದ್ದೆ. ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ಕಂಡು ವಯಸ್ಸಾದ ತಾಯಿಯೊಬ್ಬರು ನಿಲ್ಲಿಸಿ ಮಾತನಾಡಿಸಿದರು. ಈಗ ಗ್ರಂಥಾಲಯ ಇರುವ ಜಾಗ ಅವರ ತಂದೆಯ ಹೊಲವಾಗಿತ್ತಂತೆ. “ಅಲ್ಲೊಂದು ಕಲ್ಲು ಕಟ್ಟಿದ ಬಾವಿ ಇತ್ತು. ಇದೆಯೇ, ಮುಚ್ಚಿಬಿಟ್ಟರೇ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಳಗೆ ಬಂದು ನೋಡಿ ಅಮ್ಮ ಎಂದೆ. “ಬಿಡುವುದಿಲ್ಲವಲ್ಲ ಮಗಳೇ, ಚೀಟಿ ಕೇಳುತ್ತಾರೆ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆಗೆ ನಿಂತರೆ ನೆನೆಯುತ್ತೇವೆ ಎನ್ನುವಷ್ಟು ಸಹಜವಾಗಿ ಹೇಳಿದರು. ಅಂದಿನಿಂದ ಆಮಂತ್ರಿತರ ಪಟ್ಟಿ ತೆರೆದಾಗಲೆಲ್ಲ ಆ ಬಾವಿಯೇ ನೆನಪಾಗುತ್ತದೆ.

ಇಂಥ ಆಚರಣೆಗಳನ್ನು ನಡೆಸಿದವರು, ನೋಡಿದವರು, ಅವುಗಳಿಂದ ಹೊರಗುಳಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಸುತ್ತಲಿನವರು ‘ಇದು ನಮ್ಮದು’ ಎಂದುಕೊಳ್ಳುವಂತೆ ಈ ವರ್ಷವನ್ನು ನಡೆಸುವುದು ಹೇಗೆ?

ಇತಿಹಾಸದ ಮೇಷ್ಟ್ರು

ಮೇಡಂ, ನಿಮ್ಮ ಪ್ರಶ್ನೆ ಬಹಳ ಹಳೆಯದು. ವಿಶ್ವವಿದ್ಯಾಲಯಗಳು ಹುಟ್ಟಿದಾಗಿನಿಂದಲೂ ಅದು ಅವುಗಳ ಬೆನ್ನಿಗಿದೆ. ಇಂಗ್ಲೆಂಡಿನ ಕೇಂಬ್ರಿಜ್ ತನ್ನ 800ನೇ ವರ್ಷವನ್ನು 2009ರಲ್ಲಿ ಆಚರಿಸಿತು. ಆ ಲೆಕ್ಕ ಶುರುವಾಗುವುದು 1209ರಿಂದ. ಆ ವರ್ಷ ಆಕ್ಸ್‌ಫರ್ಡಿನಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ವಿದ್ಯಾರ್ಥಿಯೊಬ್ಬನ ಮೇಲೆ ಆರೋಪ ಬಂತು. ಅವನು ಓಡಿಹೋದ. ಊರಿನವರು ಅವನ ಸಹವಾಸಿಗಳನ್ನು ಹಿಡಿದು ಗಲ್ಲಿಗೇರಿಸಿದರು. ಹೆದರಿದ ವಿದ್ವಾಂಸರು ಚದುರಿದರು, ಕೆಲವರು ಕೇಂಬ್ರಿಜ್ ಸೇರಿದರು. ಒಂದು ಮಹಾ ವಿದ್ಯಾಸಂಸ್ಥೆಯ ಜನ್ಮವರ್ಷವೇ ಊರಿಗೂ ವಿದ್ಯಾಪೀಠಕ್ಕೂ ನಡೆದ ಜಗಳದ ವರ್ಷ.

ಆಕ್ಸ್‌ಫರ್ಡಿನಲ್ಲಿ ಅದಕ್ಕಿಂತ ದೊಡ್ಡ ದುರಂತ ನಡೆದದ್ದು 1355ರ ಫೆಬ್ರವರಿ 10ರಂದು, ಸಂತ ಸ್ಕೊಲಾಸ್ಟಿಕಾಳ ದಿನ. ಹೆಂಡದಂಗಡಿಯಲ್ಲಿ ದ್ರಾಕ್ಷಾರಸ ಚೆನ್ನಾಗಿಲ್ಲ ಎಂದು ವಿದ್ಯಾರ್ಥಿಗಳು ಎತ್ತಿದ ತಕರಾರು ಮೂರು ದಿನಗಳ ಬಡಿದಾಟವಾಯಿತು. 63 ವಿದ್ವಾಂಸರು ಸತ್ತರೆಂದು ಪರಂಪರೆಯ ಲೆಕ್ಕ. ಊರಿನವರೂ ಹಲವರು ಸತ್ತರು. ದೊರೆ ಮೂರನೇ ಎಡ್ವರ್ಡ್ ವಿಶ್ವವಿದ್ಯಾಲಯದ ಪರ ನಿಂತ. ಊರಿನ ಮಾರುಕಟ್ಟೆಯ ತೂಕ, ಅಳತೆ, ರೊಟ್ಟಿ ಮತ್ತು ಬಿಯರಿನ ತಪಾಸಣೆಯ ಅಧಿಕಾರವೂ ವಿಶ್ವವಿದ್ಯಾಲಯದ ಕೈಸೇರಿತು. ಮೇಲಿಂದ ಊರಿನ ಮೇಯರ್ ಮತ್ತು ಪ್ರಮುಖರು ಪ್ರತಿವರ್ಷ ಅದೇ ದಿನ ಚರ್ಚಿಗೆ ನಡೆದು ಬಂದು ತಲೆಗೊಂದು ಪೆನ್ನಿ ನಾಣ್ಯದಂತೆ ಪ್ರಾಯಶ್ಚಿತ್ತದ ಕಾಣಿಕೆ ಸಲ್ಲಿಸಬೇಕಾಯಿತು. ಇದು 1825ರವರೆಗೆ ನಡೆಯಿತು. ನಾಲ್ಕೂವರೆ ಶತಮಾನಗಳಿಗೂ ಹೆಚ್ಚು ಕಾಲ, ಮುತ್ತಜ್ಜನ ಮುತ್ತಜ್ಜ ಮಾಡಿದ್ದ ಜಗಳಕ್ಕೆ ತಲೆ ಬಾಗಿಸಿ ನಿಲ್ಲುವುದನ್ನು ಯೋಚಿಸಿ ನೋಡಿ.

ನಾನು ಇದನ್ನು ಹೇಳುತ್ತಿರುವುದು ಅದರ ಕೊನೆಗಾಗಿ. 1955ರಲ್ಲಿ, ಆ ಗಲಭೆಗೆ 600 ವರ್ಷ ತುಂಬಿದಾಗ, ವಿಶ್ವವಿದ್ಯಾಲಯ ಊರಿನ ಮೇಯರ್‌ಗೆ ಗೌರವ ಪದವಿ ಕೊಟ್ಟಿತು. ಊರು ಕುಲಪತಿಗೆ ಗೌರವ ನಾಗರಿಕತ್ವ ಕೊಟ್ಟಿತು. ನಾನು ಓದಿದ ವಾರ್ಷಿಕೋತ್ಸವಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಇದು. ಅಲ್ಲಿ ಸಂಭ್ರಮಿಸಲು ಏನೂ ಇರಲಿಲ್ಲ. ತೀರಿಸಬೇಕಾದ ಒಂದು ಬಾಕಿ ಇತ್ತು. ಎರಡೂ ಕಡೆಯವರು ಕೊಟ್ಟರು, ಎರಡೂ ಕಡೆಯವರು ತೆಗೆದುಕೊಂಡರು. ನಿಮ್ಮ ಸಮಿತಿ ಕಮಾನಿನ ಅಳತೆ ನೋಡುವ ಮೊದಲು ಇಂಥ ಬಾಕಿ ಯಾವುದಿದೆ ಎಂದು ಹುಡುಕಲಿ.

ಹಳೆಯ ವಿದ್ಯಾರ್ಥಿ, ಇಂಜಿನಿಯರಿಂಗ್

ಮೇಷ್ಟ್ರೇ, ನಿಮ್ಮ ಮಾತಿಗೆ ಪೂರ್ತಿ ಒಪ್ಪಲಾರೆ. ವೇದಿಕೆ, ಮೆರವಣಿಗೆ, ನಿಲುವಂಗಿ ಇವೆಲ್ಲ ಬೇಕು. ನನ್ನ ತಾಯಿ ನಾನು ಓದಿದ ಆವರಣದೊಳಗೆ ಕಾಲಿಟ್ಟದ್ದು ಒಂದೇ ದಿನ, ಘಟಿಕೋತ್ಸವದ ದಿನ. ಸಾಲಾಗಿ ನಡೆದು ಬಂದ ಪ್ರಾಧ್ಯಾಪಕರನ್ನು, ನಗಾರಿಯನ್ನು, ನನ್ನ ಹೆಸರು ಕರೆದದ್ದನ್ನು ಅವರು ಸಾಯುವವರೆಗೂ ಹೇಳುತ್ತಿದ್ದರು. ವೈಭವವನ್ನು ಕಳೆದುಬಿಟ್ಟರೆ ಅವರಂಥವರಿಗೆ ಉಳಿಯುವುದೇನು? ಓದಿದವರಿಗೆ ಪುಸ್ತಕ ಉಳಿಯುತ್ತದೆ, ಓದದವರಿಗೆ ನೋಡಿದ್ದು ಮಾತ್ರ ಉಳಿಯುತ್ತದೆ.

ಅದ್ದೂರಿ ಆಚರಣೆಯಿಂದ ಬಾಳುವಂಥದ್ದು ಹುಟ್ಟುವುದೂ ಉಂಟು. ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ 900ನೇ ವರ್ಷ 1988ರಲ್ಲಿ ಬಂತು. ಸೆಪ್ಟೆಂಬರ್ 18ರಂದು ಅಲ್ಲಿ ಸೇರಿದ 388 ವಿಶ್ವವಿದ್ಯಾಲಯಗಳ ಮುಖ್ಯಸ್ಥರು ‘ಮ್ಯಾಗ್ನಾ ಚಾರ್ಟಾ ಯೂನಿವರ್ಸಿಟಾಟಮ್’ ಎಂಬ ಸನದಿಗೆ ಸಹಿ ಹಾಕಿದರು. ಬೋಧನೆ ಮತ್ತು ಸಂಶೋಧನೆ ರಾಜಕೀಯ ಹಾಗೂ ಆರ್ಥಿಕ ಅಧಿಕಾರದ ಹಂಗಿನಲ್ಲಿರಬಾರದು ಎಂಬುದು ಅದರ ಮುಖ್ಯ ತತ್ತ್ವ. ಆಮೇಲೂ ನೂರಾರು ಸಂಸ್ಥೆಗಳು ಅದಕ್ಕೆ ಸೇರಿವೆ. ದೊಡ್ಡ ಸಮಾರಂಭ ಇರದಿದ್ದರೆ ಅಷ್ಟು ಜನ ಒಂದೆಡೆ ಸೇರುತ್ತಲೇ ಇರಲಿಲ್ಲ.

ಇತಿಹಾಸದ ಮೇಷ್ಟ್ರು

ನಿಮ್ಮ ತಾಯಿಯವರ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮೆರವಣಿಗೆ ಬೇಡ ಎನ್ನುವ ಮನಸ್ಸು ನನಗಿಲ್ಲ, ಅವರಂಥವರು ಮುಂದಿನ ಸಾಲಿನಲ್ಲಿ ಕೂರಲಿ ಎಂದಷ್ಟೇ ನನ್ನ ಆಸೆ. ಆದರೆ ವೈಭವದ ಇನ್ನೊಂದು ಮುಖವನ್ನೂ ನೆನಪಿಡೋಣ. ಹೈಡೆಲ್‌ಬರ್ಗ್ 1386ರಲ್ಲಿ ಹುಟ್ಟಿದ ವಿದ್ಯಾಪೀಠ. ಅದರ 550ನೇ ವರ್ಷದ ಉತ್ಸವ 1936ರ ಜೂನ್‌ನಲ್ಲಿ ನಡೆದಾಗ ಜರ್ಮನಿ ನಾಜಿಗಳ ಕೈಯಲ್ಲಿತ್ತು. ಯಹೂದಿ ಅಧ್ಯಾಪಕರನ್ನು ಹೊರಹಾಕಿದ ಸಂಸ್ಥೆಯೇ ಜಗತ್ತಿನ ವಿದ್ವಾಂಸರನ್ನು ಹಬ್ಬಕ್ಕೆ ಕರೆದಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್, ಬರ್ಮಿಂಗ್‌ಹ್ಯಾಮ್ ಪ್ರತಿನಿಧಿಗಳನ್ನು ಕಳಿಸಲು ಒಪ್ಪಲಿಲ್ಲ. ಹಾರ್ವರ್ಡ್ ಕಳಿಸಿತು, ಅದಕ್ಕಾಗಿ ಟೀಕೆಯನ್ನೂ ಕೇಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನದೇ 300ನೇ ವರ್ಷದ ಸಮಾರಂಭ ಇತ್ತು. ಹಬ್ಬಕ್ಕೆ ಯಾರು ಬಂದರು ಎನ್ನುವಷ್ಟೇ ಮುಖ್ಯ, ಯಾರನ್ನು ಹೊರಗಿಟ್ಟು ಹಬ್ಬ ಮಾಡುತ್ತಿದ್ದೇವೆ ಎನ್ನುವುದು.

ನಿವೃತ್ತ ಗುಮಾಸ್ತ

ನಾನು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿದವನು. ಹೆಸರು ಹೇಳುವುದಿಲ್ಲ. ಅದರ ಸುವರ್ಣ ಮಹೋತ್ಸವ ನನ್ನ ಸೇವೆಯ ಕಾಲದಲ್ಲೇ ನಡೆಯಿತು. ದಪ್ಪನೆಯ ಸ್ಮರಣ ಸಂಚಿಕೆ ಬಂತು. ಕುಲಪತಿಗಳ ಭಾವಚಿತ್ರಗಳಿಗೆ ಒಂದೊಂದು ಪುಟ, ವಿಭಾಗದ ಮುಖ್ಯಸ್ಥರಿಗೆ ಅರ್ಧ ಪುಟ. ನಮ್ಮ ವಿಭಾಗಕ್ಕೆ ಸಿಕ್ಕದ್ದು ಒಂದು ಸಾಲು: ‘ಬೋಧಕೇತರ ಸಿಬ್ಬಂದಿಯ ಸಹಕಾರವನ್ನು ಸ್ಮರಿಸುತ್ತೇವೆ.’

ಬೋಧಕೇತರ ಎಂಬ ಪದವನ್ನೇ ನೋಡಿ. ನಾವು ಏನಲ್ಲವೋ ಅದರಿಂದಲೇ ನಮ್ಮನ್ನು ಕರೆಯುತ್ತಾರೆ. ಕಂಪ್ಯೂಟರ್ ಬರುವ ಮೊದಲು ಅಂಕಗಳನ್ನು ಕೈಯಲ್ಲಿ ಏರಿಸುತ್ತಿದ್ದೆವು. ಒಬ್ಬರು ಓದುವುದು, ಒಬ್ಬರು ಬರೆಯುವುದು, ಮೂರನೆಯವರು ತಾಳೆ ನೋಡುವುದು. ಫಲಿತಾಂಶದ ಹಿಂದಿನ ರಾತ್ರಿ ಮನೆಗೆ ಹೋದವರಿಲ್ಲ. ಒಂದು ಅಂಕಿ ತಪ್ಪಿದರೆ ಒಬ್ಬ ಹುಡುಗನ ಒಂದು ವರ್ಷ ಹೋಗುತ್ತದೆ ಎಂಬ ಭಯ ಬೆರಳಲ್ಲೇ ಇರುತ್ತಿತ್ತು. ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ಊದಿ ಮಾಡುತ್ತಿದ್ದ ಒಬ್ಬರು ನಮ್ಮಲ್ಲಿದ್ದರು. ಅವರು ಮಾಡಿಕೊಟ್ಟ ಉಪಕರಣಗಳಿಂದ ಎಷ್ಟು ಮಂದಿ ಪಿಎಚ್‌.ಡಿ. ಪಡೆದರೋ, ಲೆಕ್ಕವಿಟ್ಟವರಿಲ್ಲ.

ತಾಯಿ, ನಿಮ್ಮ ಸಮಿತಿಗೆ ನನ್ನದೊಂದು ಬೇಡಿಕೆ. ಹಳೆಯ ಹಾಜರಿ ಪುಸ್ತಕಗಳು ದಾಸ್ತಾನು ಕೋಣೆಯಲ್ಲಿ ಇನ್ನೂ ಇದ್ದಾವು. ಅವನ್ನು ತೆಗೆಸಿ. ಮೊದಲ ದಿನದಿಂದ ಇಂದಿನವರೆಗೆ ಸಂಬಳ ಪಡೆದ ಪ್ರತಿಯೊಬ್ಬರ ಹೆಸರನ್ನೂ ಅಕಾರಾದಿಯಲ್ಲಿ, ಹುದ್ದೆ ಬರೆಯದೆ, ಒಂದೇ ಅಕ್ಷರದ ಗಾತ್ರದಲ್ಲಿ ಒಂದು ಗೋಡೆಯ ಮೇಲೆ ಬರೆಸಿ. ಮಾಲಿಯ ಹೆಸರಿನ ಪಕ್ಕದಲ್ಲಿ ಕುಲಪತಿಯ ಹೆಸರು ಬಂದರೆ ಯಾರ ಗೌರವವೂ ಕುಂದುವುದಿಲ್ಲ.

ಎರಡನೇ ವರ್ಷಕ್ಕೆ ಬಿಟ್ಟವಳು

ಗುಮಾಸ್ತರೇ, ನಿಮ್ಮ ಬರಹ ಓದಿ ಬರೆಯುವ ಧೈರ್ಯ ಬಂತು. ನಾನು ಪದವಿಯ ಎರಡನೇ ವರ್ಷದಲ್ಲಿ ಓದು ನಿಲ್ಲಿಸಬೇಕಾಯಿತು. ಅಪ್ಪ ಹಾಸಿಗೆ ಹಿಡಿದರು, ತಮ್ಮಂದಿರು ಚಿಕ್ಕವರು. ಎರಡು ವರ್ಷ ಅಲ್ಲಿನ ಬೆಂಚಿನ ಮೇಲೆ ಕೂತಿದ್ದೇನೆ, ಆ ಗ್ರಂಥಾಲಯದಲ್ಲಿ ಓದಿದ್ದೇನೆ. ಹಳೆಯ ವಿದ್ಯಾರ್ಥಿಗಳ ಸಮಾವೇಶದ ಸುದ್ದಿ ತಿಳಿದು ಹೆಸರು ಬರೆಸಲು ಹೋದಾಗ ಪದವಿ ಪಡೆದ ವರ್ಷ ಕೇಳಿದರು. ಆ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ವಾಪಸು ಬಂದೆ. ಯಾರಿಗೂ ಹೇಳಿರಲಿಲ್ಲ.

ಒಂದು ಸಂಸ್ಥೆ ತನ್ನ ವಯಸ್ಸನ್ನು ಎಣಿಸುವಾಗ ನಮ್ಮ ಎರಡು ವರ್ಷಗಳನ್ನು ಅದರಲ್ಲಿ ಸೇರಿಸಿಕೊಳ್ಳುವುದೋ ಇಲ್ಲವೋ? ಅಷ್ಟೇ ನನ್ನ ಪ್ರಶ್ನೆ.

ಪತ್ರಾಗಾರದವಳು

ಅಕ್ಕ, ಸೇರಿಸಿಕೊಳ್ಳಲೇಬೇಕು. ಸೇರಿಸಿಕೊಂಡ ಉದಾಹರಣೆಗಳೂ ಇವೆ. ಕೇಂಬ್ರಿಜ್‌ನಲ್ಲಿ ಹೆಣ್ಣುಮಕ್ಕಳು ಪರೀಕ್ಷೆ ಬರೆದು ಗೆದ್ದರೂ 1948ರವರೆಗೆ ಅವರಿಗೆ ಪೂರ್ಣ ಪದವಿ ಸಿಗುತ್ತಿರಲಿಲ್ಲ. ಅದಾಗಿ 50 ವರ್ಷಕ್ಕೆ, 1998ರಲ್ಲಿ, ಹಾಗೆ ಓದಿ ಹೋಗಿದ್ದ ಸುಮಾರು 900 ಮಂದಿ ವೃದ್ಧೆಯರನ್ನು ಸೆನೆಟ್ ಭವನಕ್ಕೆ ಕರೆದು ಗೌರವಿಸಿದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1869ರಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದ ಏಳು ಮಹಿಳೆಯರನ್ನು ಕೊನೆಗೆ ಪದವಿ ಕೊಡದೆ ಕಳಿಸಿದ್ದರು. 150 ವರ್ಷಗಳ ನಂತರ, 2019ರಲ್ಲಿ, ಅವರಿಗೆ ಮರಣೋತ್ತರ ಗೌರವ ಪದವಿ ಕೊಟ್ಟರು. ಅವರ ಪರವಾಗಿ ಪ್ರಮಾಣಪತ್ರ ತೆಗೆದುಕೊಂಡವರು ಅಲ್ಲಿ ಆಗ ಓದುತ್ತಿದ್ದ ವೈದ್ಯ ವಿದ್ಯಾರ್ಥಿನಿಯರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 700 ವಿದ್ಯಾರ್ಥಿಗಳ ಓದು ಮುರಿದುಬಿತ್ತು. ಅವರಿಗಾಗಿಯೇ ಆ ವಿಶ್ವವಿದ್ಯಾಲಯ 2009ರಲ್ಲಿ ಗೌರವ ಪದವಿ ಕೊಡಲು ತೀರ್ಮಾನಿಸಿತು. ನಿಮ್ಮ ಕಾರಣ ಬೇರೆ ಇರಬಹುದು. ಆದರೆ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರಿರುತ್ತದೆ. ಸಮಾವೇಶದ ಅರ್ಜಿಯಲ್ಲಿ ‘ಪದವಿ ಪಡೆದ ವರ್ಷ’ದ ಬದಲು ‘ಇಲ್ಲಿ ಓದಿದ ವರ್ಷಗಳು’ ಎಂದು ಬದಲಿಸಲು ಎರಡು ನಿಮಿಷವೂ ಬೇಡ.

ಸಮಿತಿಯ ಮೇಡಂಗೆ, ಹಳೆಯ ದಾಖಲೆಗಳನ್ನು ಕಾಪಾಡುವ ನನ್ನ ಕಸುಬಿನ ಕಡೆಯಿಂದ ಕೆಲವು ಮಾತು. ಊರಿನವರ ಬಳಿ ಇರುವ ಹಳೆಯ ಫೋಟೋ, ಪತ್ರ, ಕ್ಯಾಸೆಟ್‌ಗಳನ್ನು ಸಂಗ್ರಹಿಸುವ ದಿನ ಒಂದನ್ನು ಇಡಿ, ಆದರೆ ಮೂಲವನ್ನು ಕಿತ್ತುಕೊಳ್ಳಬೇಡಿ. ಅಲ್ಲೇ ಸ್ಕ್ಯಾನ್ ಮಾಡಿ ಕೈಯಲ್ಲೇ ವಾಪಸು ಕೊಡಿ. ಚಿಕ್ಕ ಫೋಟೋಗಳನ್ನು ಕನಿಷ್ಠ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ತೆಗೆಯಿರಿ. ಚಿತ್ರದಲ್ಲಿರುವವರು ಯಾರು, ಯಾವ ವರ್ಷ, ಎಲ್ಲಿ ಎಂಬುದನ್ನು ತಂದವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಫೋಟೋ ಒಂದು ತಲೆಮಾರು ದಾಟಿದರೆ ಮೂಕವಾಗುತ್ತದೆ. ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಬಳಸಿ, ಪೆನ್ನು ಬೇಡ. ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಹಳೆಯ ಫಿಲಂ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ ಎಂದರ್ಥ. ಅದನ್ನು ಬೇರೆಯಿಟ್ಟು ಮೊದಲು ಅದರ ಪ್ರತಿ ಮಾಡಿಸಿ. ಹಿರಿಯರ ಮಾತು ಧ್ವನಿಮುದ್ರಿಸುವಾಗ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಬೇಡ ಎಂದ ಭಾಗವನ್ನು ತೆಗೆದುಬಿಡಿ. ಯಾರ ಅಂಕಪಟ್ಟಿಯನ್ನೂ ಪ್ರದರ್ಶನಕ್ಕೆ ಇಡಬೇಡಿ.

ಕಾಲಕೋಶ, ಅಂದರೆ ಮುಂದಿನ ಕಾಲದವರು ತೆರೆಯಲೆಂದು ವಸ್ತುಗಳನ್ನಿಟ್ಟು ಮುಚ್ಚಿದ ಪೆಟ್ಟಿಗೆ, ಹೂಳುವ ಆಸೆ ಪ್ರತಿ ಸಮಿತಿಯಲ್ಲೂ ಯಾರಿಗಾದರೂ ಬರುತ್ತದೆ. ಅಮೆರಿಕದ ಓಗ್ಲ್‌ಥಾರ್ಪ್ ವಿಶ್ವವಿದ್ಯಾಲಯದಲ್ಲಿ 1940ರಲ್ಲಿ ಮುಚ್ಚಿದ ಒಂದು ಕೋಣೆಯಿದೆ; ಅದನ್ನು ತೆರೆಯಬೇಕಾದದ್ದು 8113ನೇ ಇಸವಿಯಲ್ಲಿ. ಅದನ್ನು ಬಂಡೆಯ ಮೇಲೆ, ಉಕ್ಕಿನ ಬಾಗಿಲಿಟ್ಟು ಮಾಡಿದ್ದಾರೆ. ನಮ್ಮಂಥವರು ಮಣ್ಣಿನಲ್ಲಿ ಹೂತದ್ದಕ್ಕೆ ನೀರು ನುಗ್ಗುತ್ತದೆ, ಹೂತ ಜಾಗವೂ ಮರೆತುಹೋಗುತ್ತದೆ. ಅದಕ್ಕೆ ಇಡುವ ಹಣದಲ್ಲಿ ಕಾಗದ ಕೆಡದಂತೆ ಕಾಪಾಡುವ ನಾಲ್ಕು ಆಮ್ಲರಹಿತ ಪೆಟ್ಟಿಗೆ ಕೊಳ್ಳಿ ಎಂಬುದು ನನ್ನ ಸಲಹೆ.

ಗೋಡೆಯಾಚೆಯ ನಿವಾಸಿ

ನಾನು ಒಂದು ವಿಶ್ವವಿದ್ಯಾಲಯದ ಪಕ್ಕದಲ್ಲೇ ಹುಟ್ಟಿ ಬೆಳೆದವನು, ಅಲ್ಲಿ ಓದಿದವನಲ್ಲ. ಸಮಾರಂಭ ಬಂತೆಂದರೆ ನಮಗೆ ತಿಳಿಯುವುದು ರಸ್ತೆ ಬಂದ್ ಆದಾಗ. ಧ್ವನಿವರ್ಧಕ, ವಾಹನಗಳ ಸಾಲು, ಮರುದಿನ ಗೋಡೆಯಾಚೆ ಎಸೆದ ಕಸ. ಭಾಷಣದಲ್ಲಿ ಮಾತ್ರ ‘ಈ ಊರಿನ ಹೆಮ್ಮೆ’ ಎನ್ನುವುದು ನಮ್ಮ ಮನೆಯವರೆಗೂ ಕೇಳಿಸುತ್ತದೆ.

ಹೆಮ್ಮೆ ನಮಗೂ ಇದೆ, ಇಲ್ಲವೆನ್ನುವುದಿಲ್ಲ. ಬೇರೆ ಊರಿಗೆ ಹೋದಾಗ ವಿಶ್ವವಿದ್ಯಾಲಯದ ಪಕ್ಕದವನು ಎಂದೇ ಗುರುತು ಹೇಳಿಕೊಳ್ಳುತ್ತೇನೆ. ನನ್ನ ಮಗಳಿಗೆ ಹನ್ನೆರಡು ವರ್ಷ, ಪುಸ್ತಕದ ಹುಚ್ಚು. ಅವಳಿಗೆ ವಾರಕ್ಕೆ ಒಂದು ದಿನ ಆ ಗ್ರಂಥಾಲಯದಲ್ಲಿ ಕೂತು ಓದಲು ಬಿಟ್ಟರೆ ಸಾಕು, ಬೇರೆ ಯಾವ ಆಚರಣೆಯೂ ನಮಗೆ ಬೇಡ. ಅದೂ ಆ ಒಂದು ವರ್ಷಕ್ಕಲ್ಲ. ಹಬ್ಬ ಮುಗಿದ ಮೇಲೂ.

ಲೆಕ್ಕಪತ್ರ ನೋಡುವವರು

ಹಣದ ಮಾತು ಯಾರೂ ಎತ್ತಲಿಲ್ಲ. ಇಂಥ ವರ್ಷದಲ್ಲಿ ನಿಧಿ ಸಂಗ್ರಹ ಮಾಡದೆ ವಿದ್ಯಾರ್ಥಿವೇತನ ಹೆಚ್ಚಿಸಲಾಗದು. ದೊಡ್ಡ ದಾನಿಗಳಿಗೆ ಮುಂದಿನ ಕುರ್ಚಿ, ಕಟ್ಟಡಕ್ಕೆ ಹೆಸರು ಕೊಡಲೇಬೇಕಾಗುತ್ತದೆ. ಅದನ್ನು ತಪ್ಪೆಂದು ಭಾವಿಸಬೇಡಿ.

ಇತಿಹಾಸದ ಮೇಷ್ಟ್ರು

ತಪ್ಪೆನ್ನುವುದಿಲ್ಲ ಸರ್. ದಾನಿ ಎಂಬ ಪದವನ್ನು ಸ್ವಲ್ಪ ಅಗಲ ಮಾಡೋಣ. ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ 1872ರಲ್ಲಿ ಕಾಲೇಜು ತೆರೆದಾಗ ಇದ್ದದ್ದು 26 ವಿದ್ಯಾರ್ಥಿಗಳು, ಕಟ್ಟಡ ದಿವಾಳಿಯೆದ್ದ ಒಂದು ಹೋಟೆಲಿನದು. ಸರ್ಕಾರದ ನೆರವಿಲ್ಲದ ಆ ದಿನಗಳಲ್ಲಿ ಪ್ರಾರ್ಥನಾ ಮಂದಿರಗಳಲ್ಲಿ ಭಾನುವಾರದ ಕಾಣಿಕೆ ಎತ್ತಿ ಅದನ್ನು ಉಳಿಸಿಕೊಂಡರು. ಅದೇ ನಾಡಿನ ಬ್ಯಾಂಗರ್‌ನಲ್ಲಿ 1884ರಲ್ಲಿ ಕಾಲೇಜು ಶುರುವಾದಾಗ ಕಲ್ಲುಗಣಿಯ ಕೂಲಿಗಳು ತಮ್ಮ ವಾರದ ಸಂಬಳದಿಂದ ಚೂರು ಚೂರು ಕೊಟ್ಟಿದ್ದಾರೆ. ಆ ಗಣಿಗಳಲ್ಲಿ ದುಡಿದ ಎಷ್ಟು ಮಂದಿ ತರಗತಿಯೊಳಗೆ ಕೂತಿರಬಹುದು? ಆದರೂ ಕೊಟ್ಟರು, ಮಕ್ಕಳಿಗಾದರೂ ಆಗಲಿ ಎಂದು.

ಹೊಲ ಕಳೆದುಕೊಂಡ ಆ ತಾಯಿಯ ತಂದೆಯೂ ನನ್ನ ಲೆಕ್ಕದಲ್ಲಿ ದಾನಿಯೇ. ಅವರು ಒಪ್ಪಿ ಕೊಟ್ಟರೋ, ಕೊಡಲೇಬೇಕಾಯಿತೋ, ಪರಿಹಾರ ಪೂರ್ತಿ ಸಿಕ್ಕಿತೋ ಎಂದು ಮೊದಲು ಕಡತ ತೆಗೆದು ನೋಡಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯ ಗುಲಾಮಗಿರಿಯ ಹಣದಿಂದ ತನಗೆ ಎಷ್ಟು ಲಾಭವಾಯಿತು ಎಂದು ತಾನೇ ತನಿಖೆ ಮಾಡಿ 2018ರಲ್ಲಿ ವರದಿ ಪ್ರಕಟಿಸಿತು. ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು, 20 ವರ್ಷಗಳಲ್ಲಿ 2 ಕೋಟಿ ಪೌಂಡ್ ಜಂಟಿ ಸಂಶೋಧನೆಗೆ ತೊಡಗಿಸುವುದಾಗಿ ಹೇಳಿತು. ಅಷ್ಟು ಹಳೆಯ ಸಂಸ್ಥೆ ತನ್ನ ಹಳೆಯ ಲೆಕ್ಕವನ್ನು ತೆರೆದು ಓದಲು ಹೆದರಲಿಲ್ಲ. 75 ವರ್ಷದ ಸಂಸ್ಥೆಗೆ ಏಕೆ ಹೆದರಿಕೆ?

ವಿದ್ಯಾರ್ಥಿನಿ, ಎರಡನೇ ವರ್ಷದ ಎಂ.ಎ.

ನಮ್ಮನ್ನೂ ಒಮ್ಮೆ ಕೇಳಿ. ದೊಡ್ಡ ಸಮಾರಂಭಗಳಲ್ಲಿ ನಮ್ಮ ಪಾತ್ರ ಸ್ವಾಗತಕ್ಕೆ ನಿಲ್ಲುವುದು, ಖಾಲಿ ಕುರ್ಚಿ ತುಂಬುವುದು. ಹಿರಿಯರ ಮಾತು ಧ್ವನಿಮುದ್ರಿಸುವ ಕೆಲಸವನ್ನು ನಮಗೆ ಕೊಡಿ. ನಾನೇ ಹತ್ತು ಜನರನ್ನು ಕರೆತರುತ್ತೇನೆ. ನನ್ನ ಅಜ್ಜಿಯ ಮಾತನ್ನು ನಾಳೆ ಬರೆದುಕೊಂಡರಾಯಿತು ಎಂದು ಬಿಟ್ಟಿದ್ದೆ. ಆ ನಾಳೆ ಬರಲಿಲ್ಲ.

ಹಳೆಯ ವಿದ್ಯಾರ್ಥಿ, ಇಂಜಿನಿಯರಿಂಗ್

ತಂಗಿ, ನಿಮ್ಮ ತಂಡಕ್ಕೆ ಬೇಕಾದ ಧ್ವನಿಮುದ್ರಣ ಯಂತ್ರಗಳನ್ನು ನಾನು ಕೊಡಿಸುತ್ತೇನೆ. ಅದಕ್ಕೆ ಯಾವ ಫಲಕವೂ ಬೇಡ. ಮೇಷ್ಟ್ರೇ, ಮೆರವಣಿಗೆಯ ವಿಷಯದಲ್ಲಿ ಮಾತ್ರ ನನ್ನ ಹಟ ಇನ್ನೂ ಇದೆ. ಮೆರವಣಿಗೆ ನಡೆಯಲಿ, ಮುಂದುಗಡೆ ಗುಮಾಸ್ತರು ನಡೆಯಲಿ.

ಸಮಿತಿಯ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಿನ್ನೆ ನಾಲ್ಕನೇ ಸಭೆ ಆಯಿತು. ಇಲ್ಲಿನ ಮಾತುಗಳನ್ನು ಮುದ್ರಿಸಿ ತೆಗೆದುಕೊಂಡು ಹೋಗಿ ಓದಿದೆ. ಎಲ್ಲವೂ ಒಪ್ಪಿಗೆಯಾಗಲಿಲ್ಲ. ಕಮಾನು ಕಟ್ಟುವುದು ಕಟ್ಟುವುದೇ. ಹುದ್ದೆ ಬರೆಯದ ಹೆಸರಿನ ಗೋಡೆಗೆ ಇಬ್ಬರ ವಿರೋಧವಿದೆ. ಹಾಜರಿ ಪುಸ್ತಕಗಳನ್ನು ತೆಗೆಸಲು ಮಾತ್ರ ಆದೇಶವಾಗಿದೆ. ಸಮಾವೇಶದ ಅರ್ಜಿಯಲ್ಲಿ ‘ಇಲ್ಲಿ ಓದಿದ ವರ್ಷಗಳು’ ಎಂದು ಬದಲಾಗಿದೆ. ಅಕ್ಕ, ನಿಮ್ಮ ಅನುಭವ ಓದಿದಾಗ ಯಾರೂ ಎದುರು ಮಾತನಾಡಲಿಲ್ಲ. ಗ್ರಂಥಾಲಯವನ್ನು ಭಾನುವಾರ ಹೊರಗಿನವರಿಗೂ ತೆರೆಯುವ ಪ್ರಸ್ತಾವ ಕುಲಸಚಿವರ ಮೇಜಿನ ಮೇಲಿದೆ. ಅದಕ್ಕೆ ಸಿಬ್ಬಂದಿ ಸಾಲದು ಎಂಬ ಆಕ್ಷೇಪ ಬಂತು. ಭಾನುವಾರ ಪಾಳಿಯಲ್ಲಿ ಕೂರಲು ನಾವು ಐದು ಅಧ್ಯಾಪಕರು ಬರೆದುಕೊಟ್ಟಿದ್ದೇವೆ. ಭೂಮಿಯ ಕಡತಗಳನ್ನು ನೋಡಲು ಅನುಮತಿ ಕೇಳಿದ್ದೇನೆ, ಉತ್ತರ ಬಂದಿಲ್ಲ. ಬಿಡುವುದಿಲ್ಲ.

ಸಭೆ ಮುಗಿಸಿ ಗ್ರಂಥಾಲಯದ ಹಿಂದೆ ಹುಡುಕಿದೆ. ಬಾವಿ ಇದೆ. ಸೈಕಲ್ ನಿಲ್ಲಿಸುವ ಚಾವಣಿಯ ಆಚೆ, ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಕಲ್ಲಿನ ಕಟ್ಟೆ ಒಂದು ಕಡೆ ಕುಸಿದಿದೆ, ಮೆಟ್ಟಿಲುಗಳು ಕಾಣುತ್ತವೆ, ಆಳದಲ್ಲಿ ನೀರೂ ಇದೆ. ಇಂದು ಸಂಜೆ ಕಾವಲಿನವರಿಗೆ ನಾನೇ ಪತ್ರ ಬರೆದುಕೊಟ್ಟು ಆ ತಾಯಿಯನ್ನು ಒಳಗೆ ಕರೆತಂದೆ. ಅವರು ಜಾಲರಿ ಹಿಡಿದು ಬಗ್ಗಿ ನೋಡಿದರು. ಮೂರನೇ ಮೆಟ್ಟಿಲಿನ ಕಲ್ಲಿನಲ್ಲಿ ಕೊಡ ಇಟ್ಟು ಇಟ್ಟು ಬಿದ್ದ ಗುಣಿಯನ್ನು ತೋರಿಸಿ, “ಇದು ನಮ್ಮ ಅವ್ವ ಇಡುತ್ತಿದ್ದ ಜಾಗ” ಎಂದರು. ಜೊತೆಗಿದ್ದ ವಿದ್ಯಾರ್ಥಿನಿ ಮೊಬೈಲ್ ತೆಗೆದು, ಅವರ ಒಪ್ಪಿಗೆ ಕೇಳಿ, ಧ್ವನಿಮುದ್ರಣ ಶುರುಮಾಡಿದಳು.